ಹಲ್ಲಿನ ಡಾಕ್ಟರ ಬೆಳ್ಳಿ ಕುರ್ಚಿ

ಎಲ್ಲ ರಾಮಾಯಣ ಶುರುವಾದದ್ದು ಹಲ್ಲಿನ ಡಾಕ್ಟರು ವುಕಾಶಿನ್ ಅವರ ನಲ್ಲಿಯಲ್ಲಿ ನೀರು ನಿಂತದ್ದರಿಂದ. ಬಾಯಿ ತೆರೆದು ಕೂತಿದ್ದ ರೋಗಿಗೆ ಮುಕ್ಕಳಿಸಲು ನೀರಿಲ್ಲ. ಡಾಕ್ಟರು ಸಿಟ್ಟಿನಿಂದ ನೀರು ಸರಬರಾಜು ಕಚೇರಿಗೆ ಫೋನು ಮಾಡಿದರು. ಅಲ್ಲಿನ ಟೆಲಿಫೋನ್ ಆಪರೇಟರ್ ನಮ್ಮ ಸ್ತಾನಿಶಾ. "ಒಂದು ನಿಮಿಷ ಇರಿ, ಇಂಜಿನಿಯರಿಗೆ ಕೊಡ್ತೀನಿ" ಎಂದ. ನಿಶ್ ಪಟ್ಟಣದಲ್ಲಿ ಸರ್ಕಾರಿ ನಿಮಿಷ ಎಷ್ಟು ಉದ್ದವೆಂದು ಡಾಕ್ಟರಿಗೂ ಗೊತ್ತು. ಕಾಯುತ್ತ ಕಾಯುತ್ತ ಅವರು ಒಂದು ರಾಗ ಗುನುಗತೊಡಗಿದರು, ಅರ್ಧಕ್ಕೆ ನಿಲ್ಲಿಸಿದರು. ಉಳಿದ ಅರ್ಧವನ್ನು ಈ ಕಡೆಯಿಂದ ಸ್ತಾನಿಶಾ ಗುನುಗಿದ.

"ಏನ್ರೀ, ನೀವೂನಾ?" ಎಂದರು ಡಾಕ್ಟರು.

"ನಾನೂನೇ. ಆರು ವರ್ಷದಲ್ಲಿ ಒಂದು ಕಂತೂ ಬಿಟ್ಟಿಲ್ಲ" ಎಂದ ಸ್ತಾನಿಶಾ.

ಅದು 'ಒಂಬತ್ತನೇ ಕಕ್ಷೆ'ಯ ರಾಗ. ಪ್ರತಿ ಶನಿವಾರ ರಾತ್ರಿ ಎಂಟಕ್ಕೆ ಟಿವಿಯಲ್ಲಿ ಬರುವ ವಿದೇಶಿ ಸರಣಿ. ನಕ್ಷತ್ರಗಳ ನಡುವೆ ಓಡುವ ಹಡಗು, ಅದರ ಕ್ಯಾಪ್ಟನ್ ಡಾರ್ನಾ, ಇಂಜಿನಿಯರ್ ಟಾಬ್, ಗ್ರಿಮ್ ಎಂಬ ಯಂತ್ರಮಾನವ. ಡಾಕ್ಟರು ಆ ಸರಣಿಯ ಅಭಿಮಾನಿ ಸಂಘದ ಅಧ್ಯಕ್ಷರು. ನಲ್ಲಿಯ ವಿಷಯ ಇಬ್ಬರಿಗೂ ಮರೆತೇಹೋಯಿತು. ರೋಗಿಯದ್ದೂ.

"ಮುಂದಿನ ಶನಿವಾರ ಸಂಸ್ಕೃತಿ ಭವನದಲ್ಲಿ ನಮ್ಮ ವರ್ಷದ ಕ್ವಿಜ಼್ ಇದೆ, ಬನ್ನಿ" ಎಂದು ಡಾಕ್ಟರು ಕರೆದರು. "ಗೆದ್ದವರಿಗೆ ಕ್ಯಾಪ್ಟನ್ ಕುರ್ಚಿ. ನನ್ನ ದವಾಖಾನೆಯ ಹಳೇ ಕುರ್ಚಿಗೆ ಬೆಳ್ಳಿ ಬಣ್ಣ ಹೊಡೆದಿದ್ದೀವಿ. ಒಂದು ವರ್ಷ ಪೂರ್ತಿ ಸಭೆಯಲ್ಲಿ ಗೆದ್ದವರೇ ಅದರಲ್ಲಿ ಕೂರಬೇಕು, ಬೇರೆ ಯಾರೂ ಕೂರೋ ಹಾಗಿಲ್ಲ. ಪೆಡಲ್ ಒತ್ತಿದ್ರೆ ಮೇಲೂ ಹೋಗುತ್ತೆ."

ಸ್ತಾನಿಶಾ ಫೋನು ಇಟ್ಟಮೇಲೆ ಸ್ವಲ್ಪ ಹೊತ್ತು ಯಾರ ಕರೆಯನ್ನೂ ತೆಗೆದುಕೊಳ್ಳಲಿಲ್ಲ.

ಹತ್ತೊಂಬತ್ತನೇ ವಯಸ್ಸಿಗೆ ಅವನ ಕಣ್ಣು ಹೋಗಿತ್ತು. ಅಂದಿನಿಂದ ಅವನಿಗೆ ಕುರ್ಚಿಗೆ ಮಾತ್ರ ಬರ ಬಂದಿರಲಿಲ್ಲ. ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ಮದುವೆಮನೆಯಲ್ಲಿ ಎಲ್ಲಿ ಹೋದರೂ "ಪಾಪ, ಕಣ್ಣು ಕಾಣಲ್ಲ, ಜಾಗ ಬಿಡಿ" ಎಂದು ಯಾರಾದರೂ ಎದ್ದುಬಿಡುವರು. ಬೇಡವೆಂದರೆ ಭುಜ ಒತ್ತಿ ಕೂರಿಸುವರು. ಕೂರಿಸಿದವರ ಮೇಲೆ ಅವನಿಗೆ ಸಿಟ್ಟಿರಲಿಲ್ಲ, ಒಳ್ಳೆಯ ಜನ. ಆದರೆ ನಲವತ್ತೆರಡು ವರ್ಷದ ಗಂಡಸಿಗೆ, ತಾನಾಗಿ ಗೆದ್ದ ಕುರ್ಚಿಯೊಂದರಲ್ಲಿ ಒಮ್ಮೆಯಾದರೂ ಬೆನ್ನು ಒರಗಿಸಬೇಕು ಅನ್ನಿಸುವುದರಲ್ಲಿ ಏನು ತಪ್ಪು?

ಗೆಲ್ಲುವುದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ. ಅದಕ್ಕೆ ಕಾರಣ ಎದುರು ಮನೆಯ ಲೆಪೊಸಾವಾ, ಇಡೀ ಕಟ್ಟಡಕ್ಕೆ ಲೆಪಾ ಚಿಕ್ಕಮ್ಮ. ನಮ್ಮಲ್ಲಿ ವಿದೇಶಿ ಸರಣಿಗಳಿಗೆ ನಮ್ಮ ಮಾತು ಕೂರಿಸುವುದಿಲ್ಲ. ಅವರು ಅವರ ಭಾಷೆಯಲ್ಲೇ ಮಾತಾಡುತ್ತಾರೆ, ಕೆಳಗೆ ನಮ್ಮ ಅಕ್ಷರ ಬರುತ್ತದೆ. ಕಣ್ಣಿದ್ದವರು ಓದಿಕೊಳ್ಳುತ್ತಾರೆ. ಸ್ತಾನಿಶಾನಿಗೆ ಲೆಪಾ ಚಿಕ್ಕಮ್ಮ ಓದಿ ಹೇಳುತ್ತಿದ್ದರು. ಆರು ವರ್ಷದಿಂದ ಪ್ರತಿ ಶನಿವಾರ ಒಂದು ಪಾತ್ರೆ ಕಾಫಿ ಹಿಡಿದು ಬಂದು, ಅರ್ಧ ಬಟ್ಟಲಿಗೂ ಅರ್ಧ ಮೇಜಿನ ಬಟ್ಟೆಗೂ ಬಗ್ಗಿಸಿ, ಅವನ ಪಕ್ಕದಲ್ಲಿ ಕೂತು ಎಲ್ಲ ಪಾತ್ರಗಳನ್ನೂ ಒಂದೇ ಗಂಟಲಿನಲ್ಲಿ ಆಡಿಬಿಡುವರು. ಶಾಲೆಯಲ್ಲಿ ರಷ್ಯನ್ ಮಾತ್ರ ಕಲಿತಿದ್ದ ಸ್ತಾನಿಶಾನಿಗೆ ಆ ವಿದೇಶಿ ಮಾತಿನಲ್ಲಿ ತಿಳಿಯುತ್ತಿದ್ದದ್ದು ಹೆಸರುಗಳಷ್ಟೇ. ಉಳಿದದ್ದೆಲ್ಲ ಚಿಕ್ಕಮ್ಮನ ಬಾಯಿಂದ.

"ಎಂಥಾ ಬರಹಗಾರರು ಚಿಕ್ಕಮ್ಮ!" ಎಂದು ಅವನು ತಲೆದೂಗುತ್ತಿದ್ದ. "ಎಲ್ಲೋ ದೂರದ ದೇಶದವರು, ನಮ್ಮ ಮನೆ ಒಳಗೇ ಕೂತು ಬರೆದ ಹಾಗಿದೆ!"

"ಹೂಂ, ಪರವಾಗಿಲ್ಲ, ಬರೀತಾರೆ" ಎನ್ನುತ್ತಿದ್ದರು ಚಿಕ್ಕಮ್ಮ.

ಕ್ವಿಜ಼್ ಸುದ್ದಿ ಕೇಳಿದ ದಿನದಿಂದ ಮಾತ್ರ ಚಿಕ್ಕಮ್ಮನ ವರಸೆ ಬದಲಾಯಿತು. "ಆ ಭವನದ ಮಾಳಿಗೆ ಸೋರುತ್ತೆ" ಎಂದರು. "ಹಲ್ಲಿನ ಡಾಕ್ಟರನ್ನ ನಂಬಬೇಡ, ನಗಿಸಿ ನಗಿಸಿ ಬಾಯಿಗೆ ಕೈ ಹಾಕ್ತಾನೆ" ಎಂದರು. ಶನಿವಾರ ಬೆಳಿಗ್ಗೆ ಬಾಗಿಲು ತಟ್ಟಿ, "ಕೆಟ್ಟ ಕನಸು ಬಿತ್ತು ಕಣೋ, ಇವತ್ತು ಹೊರಗೆ ಹೋಗ್ಬೇಡ" ಎಂದರು. ಒಂದು ಮಾತಿಗೂ ಅವನು ಬಗ್ಗದಿದ್ದಾಗ ಸುಮ್ಮನೆ ಒಳಗೆಲ್ಲ ಓಡಾಡಿ ಹೊರಟುಹೋದರು. ಅವರು ಹೋದಮೇಲೆ ನೋಡಿದರೆ, ಬಾಗಿಲ ಹಿಂದೆ ಇರಬೇಕಾದ ಬಿಳಿ ಕೋಲು ಮಾಯ.

ಮಂಚದ ಕೆಳಗೆ ತಡಕಿದ, ಸ್ನಾನದ ಮನೆಯಲ್ಲಿ ತಡಕಿದ. ಕೋಲಿಲ್ಲ. ಕೊನೆಗೆ ನೆಲ ಒರೆಸುವ ಕೋಲಿನ ಬಟ್ಟೆ ಬಿಚ್ಚಿ ಎಸೆದು, ಕೋಟು ತೊಟ್ಟು ಹೊರಟೇಬಿಟ್ಟ. ಮೆಟ್ಟಿಲ ಬಳಿ ಮೂರನೇ ಮಹಡಿಯ ತಿಹೊಮಿರ್ ಸಿಕ್ಕರು. ಅಗ್ನಿಶಾಮಕ ದಳದಿಂದ ನಿವೃತ್ತರಾದ ಮೇಲೆ ಉಳಿಸಲು ಯಾರೂ ಸಿಗದೆ ಬೇಸತ್ತಿದ್ದ ಮನುಷ್ಯ.

"ಏನಯ್ಯಾ, ನೆಲ ಒರೆಸೋಕೆ ಹೊರಟ್ಯಾ?"

"ಇಲ್ಲ ಮಾವ, ಕ್ವಿಜ಼್ ಗೆಲ್ಲೋಕೆ. ಒಬ್ಬನೇ ಹೋಗ್ತೀನಿ."

"ಒಬ್ಬನೇನಾ? ಈ ಚಳೀಲಿ? ನಾನಿರೋವಾಗ?" ಎಂದು ತಿಹೊಮಿರ್ ಅವನ ರಟ್ಟೆ ಹಿಡಿದು, ಉರಿಯುವ ಮನೆಯಿಂದ ಎಳೆದಂತೆ ಬೀದಿಗೆ ಎಳೆದರು.

ಮೂಲೆ ತಿರುಗುವಷ್ಟರಲ್ಲಿ ಮಾವನಿಗೆ ಹಳೆಯ ಸ್ನೇಹಿತನೊಬ್ಬ ಸಿಕ್ಕ. ಫುಟ್ಬಾಲ್ ಮಾತು ಎದ್ದಿತು. ರೆಫರಿಯ ತಾಯಿಯವರೆಗೂ ಹೋಯಿತು. ಕೈ ಆಡಿಸಿ ಬೈಯಲು ತಿಹೊಮಿರ್ ಎರಡೂ ಕೈ ಬಿಟ್ಟರು, ಅಂದರೆ ಸ್ತಾನಿಶಾನನ್ನೂ ಬಿಟ್ಟರು. ರಸ್ತೆಯ ಅಂಚಿನಲ್ಲಿ ಕೋಲು ಹಿಡಿದು ನಿಂತವನನ್ನು ನೋಡಿ ಒಬ್ಬ ಹೆಂಗಸಿನ ಕರುಳು ಚುರ್ ಎಂದಿತು.

"ಬನ್ನಿ ಅಣ್ಣಾ, ದಾಟಿಸ್ತೀನಿ."

"ಅಯ್ಯೋ, ನಾನು ದಾಟ್ಬೇಕಾಗಿಲ್ಲಮ್ಮ..."

"ಸಂಕೋಚ ಯಾಕೆ? ದೇವರು ಮೆಚ್ಚೋ ಕೆಲಸ!" ಎಂದು ದಾಟಿಸಿಯೇ ಬಿಟ್ಟಳು. ಆ ಕಡೆ ನಿಂತು ಅವನು ವಾಪಸು ಹೇಗೆ ಬರುವುದೆಂದು ಯೋಚಿಸುತ್ತಿರುವಾಗ ದಪ್ಪ ದನಿಯ ಗಂಡಸೊಬ್ಬ ಬಂದು, ಕೇಳದೆಯೇ ಮತ್ತೆ ಈ ಕಡೆಗೆ ತಂದ. ಆದರೆ ಬಿಟ್ಟುಹೋಗಲಿಲ್ಲ.

"ಸ್ವಾಮೀ, ಇವತ್ತು ಸಂತ ನಿಕೋಲ. ನಮ್ಮ ಮನೆದೇವರ ದಿನ. ಬಾಗಿಲ ಮುಂದೆ ಬಂದವರನ್ನ ಹಾಗೇ ಕಳಿಸಿದ್ರೆ ನನ್ನ ಹೆಂಡ್ತಿ ನನ್ನನ್ನ ಮನೆಗೆ ಸೇರಿಸ್ತಾಳಾ?"

"ನಾನು ಬಾಗಿಲ ಮುಂದೆ ಬರ್ಲಿಲ್ಲ, ನೀವೇ ತಂದ್ರಿ!"

"ಹೇಗೋ ಬಂದ್ರಲ್ಲ!"

ಮನೆದೇವರ ದಿನ ನಮ್ಮಲ್ಲಿ ಯಾರನ್ನೂ ಕರೆಯುವುದಿಲ್ಲ, ಬಂದವರನ್ನು ತಿನ್ನಿಸದೆ ಬಿಡುವುದೂ ಇಲ್ಲ. ಬಾಗಿಲಲ್ಲೇ ಬಾಯಿಗೆ ಒಂದು ಚಮಚ ಬೇಯಿಸಿದ ಗೋಧಿಯ ಸಿಹಿ ಬಿತ್ತು. "ಪಾಪ, ಕಣ್ಣು ಕಾಣಲ್ಲ, ಜಾಗ ಬಿಡಿ" ಎಂದು ಭುಜ ಒತ್ತಿ ಕೂರಿಸಿದರು. ಹುರಿದ ಮೀನು ಬಂತು, ಹುರುಳಿಕಾಯಿ ಬೀಜದ ಪಲ್ಯ ಬಂತು, ಪ್ಲಮ್ ಬ್ರಾಂದಿ ಬಂತು. ಪ್ರತಿ ಸಲ ಅವನು ಏಳಲು ನೋಡಿದಾಗ ತಟ್ಟೆಗೆ ಇನ್ನೊಂದು ಮೀನು ಬೀಳುವುದು. ಕೊನೆಗೆ ಸ್ತಾನಿಶಾ ಮೇಜಿಗೆ ಗುದ್ದಿ, "ನನ್ನ ಜೀವಮಾನದ ಒಂದೇ ಒಂದು ಕುರ್ಚಿ ನನಗೋಸ್ಕರ ಕಾಯ್ತಿದೆ, ನೀವು ಕೂರ್ಸಿದ್ದು ಸಾಕು!" ಎಂದು ಕೂಗಿದ. ಮನೆಯವರಿಗೆ ಏನೂ ಅರ್ಥವಾಗಲಿಲ್ಲ. ಆದರೂ ಒಬ್ಬ ನೆಂಟನ ಕಾರಿನಲ್ಲಿ ಸಂಸ್ಕೃತಿ ಭವನಕ್ಕೆ ಬಿಡಿಸಿದರು, ದಾರಿಗೆಂದು ಕೇಕನ್ನೂ ಕಟ್ಟಿಕೊಟ್ಟರು.

ಇತ್ತ ರೆಫರಿಯನ್ನು ಬೈದು ಮುಗಿಸಿ ತಿರುಗಿದ ತಿಹೊಮಿರ್‌ಗೆ ಜೀವ ಬಾಯಿಗೆ ಬಂದಿತ್ತು. ಬೆಂಕಿಯಲ್ಲಿ ಯಾರನ್ನೂ ಕಳೆದುಕೊಳ್ಳದವರು ಬೀದಿಯಲ್ಲಿ ಕಳೆದುಕೊಂಡಿದ್ದರು! ಲೆಪಾ ಚಿಕ್ಕಮ್ಮನ ಬಳಿಗೆ ಓಡಿದರು.

ಭವನದಲ್ಲಿ ಕ್ವಿಜ಼್ ಕೊನೆಯ ಸುತ್ತಿಗೆ ಬಂದಿತ್ತು. ಸರಣಿಯ ಹಡಗಿನವರ ಹಾಗೆ ಬೆಳ್ಳಿ ಬಟ್ಟೆ ತೊಟ್ಟ ಡಾಕ್ಟರು ಸ್ತಾನಿಶಾನನ್ನು ಕೈಕುಲುಕಿ ವೇದಿಕೆಗೆ ಕರೆದೊಯ್ದರು. "ಇವರು ನಮ್ಮ ಹೊಸ ಸದಸ್ಯರು. ತಡವಾಗಿ ಬಂದ್ರು, ಆದ್ರೆ ಒಂದು ಕಂತೂ ಬಿಡದವರು" ಎಂದರು. ಸ್ತಾನಿಶಾ ಕೈ ಚಾಚಿದಾಗ ತಣ್ಣನೆಯ ಕುರ್ಚಿಯ ತೋಳು ತಾಗಿತು. ಅದನ್ನು ಉದ್ದಕ್ಕೂ ಒಮ್ಮೆ ಸವರಿದ.

"ಮೊದಲನೇ ಪ್ರಶ್ನೆ, ಸುಲಭದ್ದು. ಹಡಗಿನಲ್ಲಿ ಗ್ರಿಮ್‌ನ ಕೆಲಸ ಏನು?"

"ಅಡುಗೆ" ಎಂದ ಸ್ತಾನಿಶಾ.

ಸಭೆ ಗೊಳ್ಳೆಂದು ನಕ್ಕಿತು. ಗ್ರಿಮ್ ಎಂದರೆ ಹಡಗಿಗೆ ನುಗ್ಗಿದ ಶತ್ರುಗಳನ್ನು ಕತ್ತರಿಸಿ ಹಾಕುವ ಯಂತ್ರಮಾನವ.

"ಹಾಗಾದ್ರೆ ಅವನು ಬಂದಾಗಲೆಲ್ಲ ಠಣ್ ಠಣ್ ಅಂತ ಶಬ್ದ ಬರುತ್ತಲ್ಲ, ಅದೇನು?" ಎಂದು ಡಾಕ್ಟರು ಕೇಳಿದರು.

"ಮಾಂಸ ಕೊಚ್ಚೋದು. ಈರುಳ್ಳಿ ಹೆಚ್ಚೋವಾಗ ಮಾತ್ರ ಪಾಪ ಅಳ್ತಾನೆ. ಕಣ್ಣೀರಿಗೆ ದವಡೆ ತುಕ್ಕು ಹಿಡಿಯುತ್ತೆ, ಅದಕ್ಕೇ ಮಾತು ಕಡಿಮೆ."

ಹೊಟ್ಟೆ ಹಿಡಿದುಕೊಂಡು ನಕ್ಕರು. ಡಾಕ್ಟರು ಕೆಮ್ಮಿ ಎರಡನೆಯದನ್ನು ಕೇಳಿದರು. "ಕ್ಯಾಪ್ಟನ್ ಡಾರ್ನಾ ಹೇಗೆ ಸತ್ತಳು?"

"ಸತ್ತಳಾ?" ಸ್ತಾನಿಶಾ ನಿಜವಾಗಿ ಬೆಚ್ಚಿದ. "ಯಾರು ಹೇಳಿದ್ದು? ಆವತ್ತು ದೊಡ್ಡ ಸ್ಫೋಟ ಆಯ್ತು, ನಿಜ. ಅದು ಐವಾರ್ ಜಾಡಿಗಳು. ಶರತ್ಕಾಲದಲ್ಲಿ ಕೆಂಪು ಮೆಣಸಿನಕಾಯಿ ಸುಟ್ಟು ಐವಾರ್ ಚಟ್ನಿ ಮಾಡಿ ಇಟ್ಟಿದ್ಲು. ಅವಸರದಲ್ಲಿ ಮುಚ್ಚಳ ಸರಿ ಹಾಕಿರ್ಲಿಲ್ಲ. ಹಡಗಿಗೆ ಹಡಗೇ ಕೆಂಪಾಯ್ತು. ಆ ನಾಚಿಕೆಗೆ ಕ್ಯಾಪ್ಟನ್ ಕೆಲಸ ಬಿಟ್ಟು ಹಸಿರು ಚಂದ್ರಕ್ಕೆ ಹೋಗಿ ಪ್ಲಮ್ ಗಿಡ ನೆಟ್ಟಿದ್ದಾಳೆ. ಈ ವರ್ಷ ಮೊದಲ ಹೂ."

ಈ ಸಲ ನಗೆ ಅಷ್ಟು ಜೋರಾಗಿರಲಿಲ್ಲ. ಡಾರ್ನಾ ಸತ್ತ ದಿನ ಅವರೆಲ್ಲ ಅತ್ತವರು. ತಲೆಗೆ ಜಿರಳೆಗಿರುವಂಥ ತಂತಿಯ ಮೀಸೆ ಕಟ್ಟಿಕೊಂಡಿದ್ದ ದಪ್ಪ ಹೆಂಗಸೊಬ್ಬಳು ಹಿಂದಿನ ಸಾಲಿನಿಂದ ಎದ್ದು ಕೇಳಿದಳು.

"ಮತ್ತೆ ಟಾಬ್? ನಾವು ನೋಡಿದ್ರಲ್ಲಿ ಅವನು ದ್ರೋಹ ಮಾಡಿದ, ಆಚೆಗೆ ಎಸೆದ್ರು."

"ಟಾಬಾ? ದ್ರೋಹಾನಾ? ಬಾಗಿಲು ತೆರೆದ ಶಬ್ದ ಬಂತಲ್ಲ, ತಾನಾಗೇ ಇಳಿದು ಹೋದ ಕಣ್ರೀ! ಅವಳ ಹಿಂದೆಯೇ! ಬ್ರಾಂದಿ ಕಾಯಿಸೋ ಹಂಡೆ ಹೊತ್ಕೊಂಡು. 'ನೀನು ಹಣ್ಣು ಬೆಳಿ, ನಾನು ಹಂಡೆ ಕಾಯಿಸ್ತೀನಿ' ಅಂದ. ಮದುವೆ ಮಾಡ್ಕೋ ಅಂತ ಇನ್ನೂ ಬಾಯ್ಬಿಟ್ಟು ಕೇಳಿಲ್ಲ, ಹೆದರುಪುಕ್ಕ."

ಆ ಹೆಂಗಸು ಮೂಗು ಸೀಟಿದಳು. ಯಾರೋ "ಆಮೇಲೆ?" ಎಂದರು. ಇನ್ಯಾರೋ "ಸುಮ್ಮನಿರ್ರೋ, ಹೇಳ್ಲಿ" ಎಂದರು. ಕ್ವಿಜ಼್ ಮರೆತುಹೋಯಿತು. ಸ್ತಾನಿಶಾ ಹೇಳುತ್ತಲೇ ಹೋದ, ಸಭೆ ಕೇಳುತ್ತಲೇ ಹೋಯಿತು. ಹೇಳುತ್ತ ಹೇಳುತ್ತ ಅವನಿಗೂ ಒಳಗೊಳಗೇ ಏನೋ ಹೊಳೆಯತೊಡಗಿತ್ತು.

"ಸ್ತಾನಿಶಾ ಅವರೇ," ಡಾಕ್ಟರು ಮೆಲ್ಲಗೆ ಕೇಳಿದರು, "ನಿಮಗೆ ಇದನ್ನ ಓದಿ ಹೇಳಿದ್ದು ಯಾರು?"

ಅಷ್ಟರಲ್ಲಿ ಬಾಗಿಲು ದಡಾರನೆ ತೆರೆದುಕೊಂಡಿತು. ತಿಹೊಮಿರ್ ಅವರ ರಟ್ಟೆಯನ್ನು ಕಳ್ಳನನ್ನು ಹಿಡಿದ ಹಾಗೆ ಬಿಗಿಯಾಗಿ ಹಿಡಿದು, ಲೆಪಾ ಚಿಕ್ಕಮ್ಮ ಬಂದಿದ್ದರು. ಇನ್ನೊಂದು ಕೈಯಲ್ಲಿ ಬಿಳಿ ಕೋಲು. ಅದು ಉಪ್ಪಿನಕಾಯಿ ವಾಸನೆ ಹೊಡೆಯುತ್ತಿತ್ತು.

"ನಾನೇ ಕಣಪ್ಪಾ!" ಎಂದು ಬಾಗಿಲಿಂದಲೇ ಕೂಗಿದರು. "ಅವನನ್ನ ನೋಡಿ ನಗಬೇಡಿ. ತಪ್ಪು ನಂದು. ಕೋಲು ಬಚ್ಚಿಟ್ಟಿದ್ದೂ ನಾನೇ."

"ಆದ್ರೆ ಅಮ್ಮಾ, ಕೆಳಗೆ ಬರೆದಿದ್ದೇ ಬೇರೆ ಅಲ್ವಾ? ಕ್ಯಾಪ್ಟನ್ ಡಾರ್ನಾ ಸತ್ತಳು ಅಂತ ಇತ್ತಲ್ಲ?" ಎಂದರು ಡಾಕ್ಟರು.

ಚಿಕ್ಕಮ್ಮ ಕೋಲನ್ನು ನೆಲಕ್ಕೆ ಊರಿದರು. "ಅವಳನ್ನ ಸಾಯಿಸೋಕೆ ನನಗೆ ಮನಸ್ಸು ಬರ್ಲಿಲ್ಲ" ಎಂದರು.

ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ನಿಯಮದ ಪ್ರಕಾರ ಸ್ತಾನಿಶಾನ ಅಂಕ ಸೊನ್ನೆ, ಅದರಲ್ಲಿ ಯಾರೂ ಏನೂ ಮಾಡುವಂತಿರಲಿಲ್ಲ. ಆದರೆ ಕುರ್ಚಿ ಯಾರಿಗೆಂಬುದರಲ್ಲಿ ಸಭೆಗೆ ಒಂದೇ ಮಾತು: ಲೆಪಾ ಚಿಕ್ಕಮ್ಮನಿಗೆ. ಅಷ್ಟೇ ಅಲ್ಲ, ಇವತ್ತಿನ ಕಂತನ್ನು ಎಲ್ಲರೂ ಅವರ ಬಾಯಿಂದಲೇ ಕೇಳಬೇಕು, ಸ್ತಾನಿಶಾನ ಮನೆಯಲ್ಲಿ, ಎಂಟು ಗಂಟೆಗೆ. ಕುರ್ಚಿಯನ್ನು ವ್ಯಾನಿಗೆ ಏರಿಸಿದರು. ಹೊರುವುದಕ್ಕೆ ಏನಾದರೂ ಸಿಕ್ಕಿತಲ್ಲ ಎಂದು ತಿಹೊಮಿರ್ ಖುಷಿಯಿಂದ ಜೊತೆಗೆ ಹತ್ತಿದರು. ಸ್ತಾನಿಶಾನ ಮನೆಯ ಇನ್ನೊಂದು ಬೀಗದ ಕೈ ಅವರ ಬಳಿಯೇ ಇತ್ತು.

"ಆ ತಗಡು ಬಟ್ಟೆಯವರ ಜೊತೆ ನಾನು ಬರಲ್ಲ, ಬಸ್ಸಲ್ಲಿ ಹೋಗೋಣ" ಎಂದು ಚಿಕ್ಕಮ್ಮ ಹಟ ಹಿಡಿದರು. ಸ್ಟಾಪಿನಲ್ಲಿ ಇಬ್ಬರೇ ನಿಂತರು. ಸ್ತಾನಿಶಾನಿಗೆ ಕುರ್ಚಿ ಹೋದ ದುಃಖ ಒಂದು, ಆರು ವರ್ಷ ಮೋಸಹೋದ ದುಃಖ ಇನ್ನೊಂದು.

ಬಸ್ಸು ಬಂತು. "ಆರನೇ ನಂಬರು, ಹತ್ತು" ಎಂದರು ಚಿಕ್ಕಮ್ಮ.

ಸ್ವಲ್ಪ ದೂರ ಹೋದಮೇಲೆ ಎಡಕ್ಕೆ ಹೊರಳಬೇಕಾದ ಬಸ್ಸು ಬಲಕ್ಕೆ ಹೊರಳಿತು. ನಿಶಾವಾ ನದಿಯ ಸೇತುವೆಯ ಮೇಲೆ ಗಾಲಿಗಳು ಮಾಡುವ ಗುಡುಗುಡು ಬರಲೇ ಇಲ್ಲ.

"ಚಿಕ್ಕಮ್ಮ, ಇದು ಎಷ್ಟನೇ ನಂಬರು?"

"ಆರು ಅಂದ್ನಲ್ಲ."

"ಸೇತುವೆ ಬರ್ಲಿಲ್ಲ. ನಿಜ ಹೇಳಿ, ಬಸ್ಸಿನ ಮುಂದೆ ಏನು ಬರೆದಿತ್ತು?"

ಚಿಕ್ಕಮ್ಮ ಸೀಟಿನಲ್ಲಿ ಅತ್ತಿತ್ತ ಸರಿದರು.

"ಏನೋ ಬರೆದಿತ್ತು" ಎಂದರು.

ಸ್ತಾನಿಶಾನಿಗೆ ಮೇಜಿನ ಬಟ್ಟೆಯ ಮೇಲೆ ಚೆಲ್ಲುತ್ತಿದ್ದ ಕಾಫಿ ನೆನಪಾಯಿತು. "ಯಾವಾಗಿಂದ?" ಎಂದು ಕೇಳಿದ.

"ಕಣ್ಣಿಗೆ ಪೊರೆ ಬಂದು ಏಳೆಂಟು ವರ್ಷ ಆಯ್ತು ಕಣೋ. ಆ ಸರಣಿ ಶುರುವಾಗೋಕ್ಕೆ ಮುಂಚಿಂದಲೇ. ದೊಡ್ಡ ವಸ್ತು ಕಾಣುತ್ತೆ, ಮಂಜಲ್ಲಿ ಇದ್ದ ಹಾಗೆ. ಅಕ್ಷರ ಅಂತೂ ಇರುವೆ ಸಾಲು. ಆಮೇಲೆ ಇರುವೇನೂ ಇಲ್ಲ."

"ಅಂದ್ರೆ ಸಾಯಿಸೋಕೆ ಮನಸ್ಸು ಬರ್ಲಿಲ್ಲ ಅಂದಿದ್ದು..."

"ಅವಳು ಸತ್ಲು ಅನ್ನೋದೇ ನನಗೆ ಗೊತ್ತಿರ್ಲಿಲ್ಲ! ಢಂ ಅಂತು. ನೀನು 'ಏನಾಯ್ತು ಚಿಕ್ಕಮ್ಮ' ಅಂದೆ. ಏನಾದ್ರೂ ಹೇಳ್ಬೇಕಿತ್ತಲ್ಲ."

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಓದೋಕೆ ಇನ್ಯಾರನ್ನೋ ಕರೀತಿದ್ದೆ. ಶನಿವಾರ ನಾನೇನು ಮಾಡ್ಲಿ? ಜೊತೆಗೆ ಆ ಜನ! ನಿನ್ನನ್ನ ಹೇಗೆ ಹಿಡ್ದು ಎಳೆದಾಡ್ತಾರೆ ಅಂತ ನೋಡಿದ್ದೀನಲ್ಲ, ನೋಡ್ತಿದ್ದ ಕಾಲದಲ್ಲಿ. ಪಾಪ ಅನ್ನಿಸ್ಕೊಳ್ಳೋಕೆ ನನ್ನ ಕೈಲಾಗಲ್ಲ ಕಣೋ." ಅವರ ದನಿ ಸಣ್ಣಗಾಗಿತ್ತು. "ನೀನು ಯಾರಿಗೂ ಹೇಳ್ಬೇಡ. ಪ್ರಮಾಣ ಮಾಡು."

ಸ್ತಾನಿಶಾನ ಸಿಟ್ಟು ಎಲ್ಲಿ ಹೋಯಿತೋ. ಇಷ್ಟು ವರ್ಷ ಆ ಟಿವಿಯ ಮುಂದೆ ಇಬ್ಬರು ಕಾಣದವರು ಕೂತಿದ್ದರು. ಒಬ್ಬ ಕೇಳುತ್ತಿದ್ದ, ಇನ್ನೊಬ್ಬರು ಬರೀ ಢಂ ಠಣ್ ಶಬ್ದಗಳಿಂದ ಒಂದು ಹಡಗು, ಒಂದು ಹಸಿರು ಚಂದ್ರ, ಒಂದು ಪ್ಲಮ್ ತೋಟ ಕಟ್ಟುತ್ತಿದ್ದರು. ಒಂದು ಶನಿವಾರವೂ ತಡವರಿಸಲಿಲ್ಲ, ಒಂದು ಹೆಸರೂ ತಪ್ಪಲಿಲ್ಲ. ಅವನು ತಲೆದೂಗಿದ್ದ ಆ ಬರಹಗಾರರು ಪಕ್ಕದಲ್ಲೇ ಕಾಫಿ ಚೆಲ್ಲುತ್ತ ಕೂತಿದ್ದರು. ಕುರ್ಚಿ ಸರಿಯಾದವರಿಗೇ ಹೋಯಿತು ಎಂದು ಅವನಿಗೆ ಮನಸಾರೆ ಅನ್ನಿಸಿತು.

"ಪ್ರಮಾಣ" ಎಂದ. "ಆದ್ರೆ ಪೊರೆ ತೆಗೆಸೋಣ. ನಾನೇ ಕರ್ಕೊಂಡು ಹೋಗ್ತೀನಿ."

"ಸರಣಿ ಮುಗೀಲಿ, ನೋಡೋಣ" ಎಂದರು ಚಿಕ್ಕಮ್ಮ.

ಡ್ರೈವರನ್ನು ಕೇಳಿ, ಇಳಿದು, ಸರಿಯಾದ ಬಸ್ಸು ಹಿಡಿದು ಮನೆ ಸೇರುವಷ್ಟರಲ್ಲಿ ಎಂಟಾಗುತ್ತ ಬಂದಿತ್ತು. ಮೆಟ್ಟಿಲ ಮೇಲೆ ಸ್ತಾನಿಶಾ ಕೋಲು ಊರಿ ದಾರಿ ಹುಡುಕಿದ, ಚಿಕ್ಕಮ್ಮ ಅವನ ತೋಳು ಹಿಡಿದರು. ಒಳಗಿದ್ದವರ ಕಣ್ಣಿಗೆ ಮಾತ್ರ ವಯಸ್ಸಾದ ಹೆಂಗಸು ಕಣ್ಣಿಲ್ಲದವನನ್ನು ಜೋಪಾನವಾಗಿ ಕರೆತಂದಂತೆ ಕಂಡಿತು. "ಎಂಥಾ ತಾಯಿ ಕರುಳು" ಎಂದು ಯಾರೋ ಪಿಸುಗುಟ್ಟಿದರು.

ಮನೆ ಕಿಕ್ಕಿರಿದಿತ್ತು. ಸೋಫಾದಲ್ಲಿ ಐದು ಜನ, ಮಂಚದಲ್ಲಿ ಏಳು ಜನ, ಅವನು ದಿನಾ ಕೂರುವ ಕುರ್ಚಿಯಲ್ಲಿ ತಂತಿ ಮೀಸೆಯ ಹೆಂಗಸು. ನಟ್ಟನಡುವೆ ಬೆಳ್ಳಿ ಕುರ್ಚಿ. "ಎಲ್ಲಿದೆಯೋ?" ಎಂದು ಚಿಕ್ಕಮ್ಮ ಕಿವಿಯಲ್ಲಿ ಕೇಳಿದರು. ಸ್ತಾನಿಶಾ ಕೋಲಿನ ತುದಿಯಿಂದ ಅದರ ಕಾಲು ತಟ್ಟಿ ತೋರಿಸಿದ. ಚಿಕ್ಕಮ್ಮ ಮಹಾರಾಣಿಯಂತೆ ಕೂತರು, ತಿಹೊಮಿರ್ ಪೆಡಲ್ ಒತ್ತಿ ಮೇಲೇರಿಸಿದರು. ಕಣ್ಣು ಕಾಣದವರೊಬ್ಬರು ಕೊನೆಗೂ ತಾವೇ ಗೆದ್ದ ಕುರ್ಚಿಯಲ್ಲಿ ಬೆನ್ನು ಒರಗಿಸಿದರು. ಅದು ಆ ಕೋಣೆಯಲ್ಲಿ ಇಬ್ಬರಿಗೆ ಮಾತ್ರ ಗೊತ್ತು, ಅವನು ಪ್ರಮಾಣ ಬೇರೆ ಮಾಡಿದ್ದ.

ಸರಣಿಯ ರಾಗ ಮೊದಲಾಯಿತು. ಸ್ತಾನಿಶಾ ತನ್ನದೇ ಮನೆಯಲ್ಲಿ ಫ್ರಿಜ್ಜಿಗೆ ಒರಗಿ ನಿಂತ. ಇವತ್ತಾದರೂ ಯಾರೂ ತನ್ನನ್ನು ಗಮನಿಸಲಿಲ್ಲವಲ್ಲ ಎಂದು ಸಮಾಧಾನಪಟ್ಟುಕೊಳ್ಳುತ್ತಿರುವಾಗಲೇ ಮೇಲಿನಿಂದ ಚಿಕ್ಕಮ್ಮನ ದನಿ ಕೇಳಿಸಿತು.

"ತಡೀರಿ ತಡೀರಿ! ನಮ್ಮ ಸ್ತಾನಿಶಾ ನಿಂತೇ ಇದಾನೋ ಏನೋ. ಯಾರಾದ್ರೂ ಎದ್ದು ಜಾಗ ಬಿಡ್ರಪ್ಪಾ, ಪಾಪ, ಅವನಿಗೆ ಕಣ್ಣು ಕಾಣಲ್ಲ!"

ಸ್ತಾನಿಶಾ ಬಾಯಿ ತೆರೆದ. ಪ್ರಮಾಣ ನೆನಪಾಗಿ ಮುಚ್ಚಿಕೊಂಡ. ಅಷ್ಟರಲ್ಲಿ ಎರಡು ಕಡೆಯಿಂದ ಕೈಗಳು ಬಂದು, ಭುಜ ಒತ್ತಿ, ಅವನನ್ನು ಅವನದೇ ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿದವು.